ಕಾಲು ಅಲೆಯ ಸೊಗಸು

ಒಂದಕ್ಕೊಂದು ಲಂಬವಾಗಿ ನಿಂತ ಎರಡು ತಾಮ್ರದ ಬಳೆ. ನೆತ್ತಿಯಲ್ಲಿ ಅವು ತಾಗದಂತೆ ಬೆರಳಗಲದ ಸಂದು. ಬುಡದಲ್ಲಿ ಒಂದು ತುಂಡು ಕೇಬಲ್. ಹ್ಯಾಮ್ ರೇಡಿಯೊದವರು ಎಗ್‌ಬೀಟರ್ ಎನ್ನುವ ಈ ಆ್ಯಂಟೆನಾದಂತೆ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಚೆಲುವು ತುಂಬಿಕೊಂಡ ವಸ್ತುವನ್ನು ನಾನು ಇನ್ನೊಂದು ಕಂಡಿಲ್ಲ.

ಉಪಗ್ರಹಕ್ಕೆ ಕಿವಿಗೊಡಲು ಇದು ಬೇಕು. ಇಸ್ರೊದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಮೇಲೇರಿ, 2014ರವರೆಗೆ ಹವ್ಯಾಸಿಗಳ ಮಾತನ್ನು 145.9 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನೆಲಕ್ಕೆ ಮರಳಿಸುತ್ತಿತ್ತು. ಉಪಗ್ರಹ ತಾನೇ ತಿರುಗುತ್ತಿರುತ್ತದೆ; ದಾರಿಯಲ್ಲಿ ಅಯಾನುಮಂಡಲವೂ ಅಲೆಯನ್ನು ತಿರುಚುತ್ತದೆ. ನೆಟ್ಟಗೆ ನಿಂತ ಕಡ್ಡಿ ಆ್ಯಂಟೆನಾದಲ್ಲಿ ದನಿ ಏರುತ್ತದೆ, ಮುಳುಗುತ್ತದೆ. ವೃತ್ತೀಯ ಧ್ರುವೀಕರಣದ, ಅಂದರೆ ಮಿಡಿತದ ದಿಕ್ಕು ಸುತ್ತುತ್ತಲೇ ಇರುವ ಅಲೆಗೆ ಹೊಂದುವ, ಆ್ಯಂಟೆನಾಗೆ ಅಲೆ ಹೇಗೆ ವಾಲಿ ಬಂದರೂ ಅರ್ಧ ಶಕ್ತಿಯಂತೂ ಸಿಕ್ಕೇ ಸಿಗುತ್ತದೆ.

ಬಳೆಯನ್ನು ಹತ್ತಿರದಿಂದ ನೋಡಿ. ಈ ಅಲೆಯ ಉದ್ದ ಎರಡು ಮೀಟರಿಗಿಂತ ತುಸು ಹೆಚ್ಚು. ಬಳೆಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಅಡ್ಡಳತೆ 67 ಸೆಂ.ಮೀ. ಆಸುಪಾಸು. ಬುಡದಿಂದ ವಿದ್ಯುತ್ ಕೊಟ್ಟರೆ ಬುಡದಲ್ಲೂ ನೆತ್ತಿಯಲ್ಲೂ ಪ್ರವಾಹ ತುಂಬಿ ಒಂದೇ ದಿಕ್ಕಿಗೆ ಹರಿಯುತ್ತದೆ. ಎರಡೂ ಮಗ್ಗುಲಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಒಂದು ಬಳೆಯೆಂದರೆ ಒಂದು ದಿಕ್ಕಿನ ಎಳೆ. ಮುಂದಿನದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ: ಹಾಸಿಗೆ ಅಡ್ಡಲಾಗಿ ಹೊಕ್ಕು ಬಂದರೇ ಸೀರೆ. ಆದರೆ ಇಲ್ಲಿ ಎರಡೂ ಎಳೆ ಒಟ್ಟಿಗೇ ಮಿಡಿದರೆ ಹುಟ್ಟುವುದು ಓರೆಯಾದ ಇನ್ನೊಂದು ನೇರ ಗೆರೆ, ಅಷ್ಟೇ. ಎರಡನೆಯದು ಕಾಲು ಆವರ್ತದಷ್ಟು ತಡವಾಗಿ ಬರಬೇಕು. ಒಂದು ತುಂಬಿದಾಗ ಇನ್ನೊಂದು ಬರಿದು. ಅದು ಇಳಿಯುವಾಗ ಇದು ಏರಬೇಕು. ಆಗ ಅಲೆ ಸುತ್ತತೊಡಗುತ್ತದೆ.

ಆ ತಡವನ್ನು ಕೊಡುವುದೇ ಬುಡದ ಕೇಬಲ್ ತುಂಡು: ಆರ್‌ಜಿ-62, ಸುಮಾರು 43 ಸೆಂ.ಮೀ. ಬಯಲಿನಲ್ಲಿ ಕಾಲು ಅಲೆ 51 ಸೆಂ.ಮೀ. ಇದ್ದರೂ ಈ ಕೇಬಲಿನೊಳಗೆ ಅಲೆ ಬೆಳಕಿನ ವೇಗದ ಶೇ. 84ರಷ್ಟರಲ್ಲೇ ಸಾಗುತ್ತದೆ; ಅದಕ್ಕೇ ಅಷ್ಟು ಕತ್ತರಿಸುವುದು. ಮೋಟಾರಿಲ್ಲ, ತಿರುಗುವ ಭಾಗವಿಲ್ಲ. ಒಂದು ಬಳೆಯ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ಬಲಸುತ್ತು ಎಡಸುತ್ತಾಗುತ್ತದೆ!

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ. ಜಮಖಂಡಿಯ ಮಾಳಿಗೆಯ ಮೇಲಿಂದ ನೋಡಿದರೆ, ಉಪಗ್ರಹ ದಿಗಂತದಲ್ಲಿ ಮೂಡುವಾಗ ಈ ಆ್ಯಂಟೆನಾ ಅತ್ತ ಅಡ್ಡ ಧ್ರುವೀಕರಣವನ್ನಷ್ಟೇ ಬಲ್ಲದು; ಅದು ನೆತ್ತಿಗೇರಿದಂತೆಲ್ಲ ವೃತ್ತಕ್ಕೆ ಹೊರಳುತ್ತದೆ. ಹ್ಯಾಮ್‌ಸ್ಯಾಟ್ ಈಗ ಮಾತಾಡುವುದಿಲ್ಲ, ನಿಜ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೊ 145.800 ಮೆಗಾಹರ್ಟ್ಸ್‌ನದು, ಅದಕ್ಕೂ ಇವೇ ಬಳೆಗಳು ಸಾಕು.