ಮಿರುಗಬಾರದ ಬಿಎಸ್‌ಎ

ಹಳೆಯ ವಾಹನಗಳ ಪ್ರದರ್ಶನಕ್ಕೆ ಬಿಎಸ್‌ಎ ಎಂ20 ಮೋಟಾರ್ ಸೈಕಲ್ಲು ಬಂತೆಂದರೆ ಮೊಬೈಲು ಹಿಡಿದ ಜನ ಸುತ್ತ ಮುತ್ತಿಕೊಳ್ಳುತ್ತಾರೆ. ಟ್ಯಾಂಕಿನ ಎರಡೂ ಮಗ್ಗುಲಿಗೆ ಕ್ರೋಮು, ಬಫಿಂಗ್ ಮಾಡಿಸಿದ ಇಂಜಿನ್ ಕವರು, ಮುಖ ನೋಡಿಕೊಳ್ಳಬಹುದಾದ ಮಡ್‌ಗಾರ್ಡು. ಮಾಲೀಕನ ಶ್ರಮಕ್ಕೆ, ಸುರಿದ ದುಡ್ಡಿಗೆ ಅನುಮಾನವೇ ಇಲ್ಲ. ಆದರೆ 1941ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಿಂದ ಹೊರಟ ಎಂ20ರ ಮೈಮೇಲೆ ಇದ್ಯಾವುದೂ ಇರಲಿಲ್ಲ. ಅದು ಎರಡನೇ ಮಹಾಯುದ್ಧದ ಬ್ರಿಟಿಷ್ ಸೇನೆಯ ಗಾಡಿ. ಮಿರುಗುವ ಲೋಹ ಮೊದಲು ಬೀಳುವುದು ಶತ್ರುವಿನ ಕಣ್ಣಿಗೆ.

ಬ್ರಿಟಿಷ್ ಬೈಕೊಂದನ್ನು ಮನೆಯಲ್ಲೇ ಬಿಚ್ಚಿ ಕಟ್ಟಬೇಕೆನ್ನುವವರಿಗೆ ಎಂ20ಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. 496 ಸಿಸಿ, ಒಂದೇ ಸಿಲಿಂಡರು, 82 ಮಿ.ಮೀ. ಬೋರು, 94 ಮಿ.ಮೀ. ಸ್ಟ್ರೋಕು, ಸುಮಾರು 13 ಅಶ್ವಶಕ್ತಿ. ಇಷ್ಟು ದೊಡ್ಡ ಇಂಜಿನ್ನಿಗೆ ಇಷ್ಟೇ ಶಕ್ತಿಯೇ ಎಂದು ಇಂದಿನ ಹುಡುಗರು ನಗಬಹುದು. ಬಿಎಸ್‌ಎಯ ವಿನ್ಯಾಸಕ ವ್ಯಾಲ್ ಪೇಜ್ ಇದನ್ನು ರೂಪಿಸಿದ್ದು ಓಟದ ಪಂದ್ಯಕ್ಕಲ್ಲ. ಕೆಸರು, ಮರಳು, ಕಳಪೆ ಪೆಟ್ರೋಲು, ಅನನುಭವಿ ಸವಾರ ಎಲ್ಲವನ್ನೂ ತಡೆದುಕೊಂಡು ಸಂದೇಶ ತಲುಪಿಸುವುದಷ್ಟೇ ಸೇನೆಯಲ್ಲಿ ಅದರ ಪಾಲಿಗೆ ಬಂದ ಕೆಲಸ. ಯುದ್ಧದ ವರ್ಷಗಳಲ್ಲಿ ಸುಮಾರು 1,26,000 ಎಂ20ಗಳು ತಯಾರಾದವು. 1940ರ ನವೆಂಬರಿನಲ್ಲಿ ಜರ್ಮನ್ ಬಾಂಬುಗಳು ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ ಬಿದ್ದು 53 ಕೆಲಸಗಾರರು ಸತ್ತರು. ಆ ಮೇಲೂ ಎಂ20ಗಳ ತಯಾರಿಕೆ ಮುಂದುವರಿಯಿತು.

ನಮ್ಮ ಕಡೆ ಬಿಎಸ್‌ಎ ಅಂದರೆ ಸೈಕಲ್ಲು. ಮದ್ರಾಸಿನ ಟಿಐ ಸೈಕಲ್ಸ್ ಕಂಪನಿಯಿಂದಾಗಿ ಆ ಹೆಸರು ಹಳ್ಳಿಹಳ್ಳಿಗೂ ಗೊತ್ತು. ಮೂಲದಲ್ಲಿ ಅದು 1861ರಲ್ಲಿ ಬಂದೂಕು ತಯಾರಕರು ಸೇರಿ ಕಟ್ಟಿದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿ. ಲಾಂಛನದಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳಿರುವುದು ಅದಕ್ಕೇ. ಅದರ ಮೋಟಾರ್ ಸೈಕಲ್ಲುಗಳು ಭಾರತದ ಸೇನಾ ನೆಲೆಗಳಲ್ಲೂ ಓಡಿದವು. ಇಲ್ಲಿ ಇಂದು ಕಾಣುವ ಎಂ20ಗಳಲ್ಲಿ ಹಲವು ಆ ಸಂತತಿಯವು.

ಹಾಗಾಗಿ ಪಾನಾ ಹಿಡಿಯುವ ಮೊದಲು ತೀರ್ಮಾನವಾಗಬೇಕಾದದ್ದು, ಗಾಡಿಯನ್ನು ಯಾವ ವರ್ಷಕ್ಕೆ ಮರಳಿಸಬೇಕು ಎಂಬುದು. ಫ್ರೇಮಿನ ಮೇಲೆ ಕೊರೆದ ಅಕ್ಷರಗಳಿಂದ ಶುರುಮಾಡಬಹುದು. ‘ಕೆಎಂ20’ ಎಂದಿದ್ದರೆ 1939ರ ಮಾದರಿ, ‘ಡಬ್ಲ್ಯುಎಂ20’ ಎಂದಿದ್ದರೆ ಯುದ್ಧಕಾಲದ್ದು. ಬಣ್ಣಕ್ಕೂ ಕಾಲಕ್ರಮವಿದೆ. ಯುದ್ಧದ ಆರಂಭದಲ್ಲಿ ಖಾಕಿ ಹಸಿರು, 1942ರ ಸುಮಾರಿಗೆ ಕಂದು, 1944ರಿಂದ ಆಲಿವ್. ಟ್ಯಾಂಕಿನ ಮೇಲೆ ‘ಸಿ’ ಅಕ್ಷರದಿಂದ ಶುರುವಾಗುವ ಸೇನಾ ಸಂಖ್ಯೆ. ಇನ್ನೂ ಸ್ವಾರಸ್ಯದ ಸುಳಿವು ಹ್ಯಾಂಡಲ್ ಹಿಡಿಯಲ್ಲಿದೆ. 1942ರಲ್ಲಿ ಮಲಯ ಜಪಾನಿನ ಕೈಗೆ ಹೋದಾಗ ಬ್ರಿಟನ್ನಿಗೆ ರಬ್ಬರಿನ ಬರ ಬಂತು. ಹ್ಯಾಂಡಲ್ ಹಿಡಿಗೆ ಕ್ಯಾನ್ವಾಸು ಬಂತು, ಫುಟ್‌ರೆಸ್ಟ್ ಬರಿಯ ಕಬ್ಬಿಣವಾಯಿತು. 1943ರ ಗಾಡಿಗೆ ದಪ್ಪನೆಯ ರಬ್ಬರು ಹಿಡಿ ಹಾಕಿದವರು ಅದಕ್ಕೆ ಇಲ್ಲದ ಸುಖವನ್ನು ತೊಡಿಸಿದಂತಾಯಿತು.

ಫ್ರೇಮಿನ ಸಂಖ್ಯೆಗೂ ಇಂಜಿನ್ನಿನ ಸಂಖ್ಯೆಗೂ ತಾಳೆಯಾಗಲಿಲ್ಲವೆಂದು ಕೆಲವರು ಕೊರಗುತ್ತಾರೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಎಂ20ರ ಮಟ್ಟಿಗೆ ಇದು ಅನಗತ್ಯ ಕೊರಗು. ಸೇನೆಯ ವರ್ಕ್‌ಶಾಪುಗಳಲ್ಲಿ ಇಂಜಿನ್ನುಗಳನ್ನು ಒಟ್ಟಿಗೆ ಇಳಿಸಿ, ರಿಪೇರಿ ಮಾಡಿ, ಕೈಗೆ ಸಿಕ್ಕ ಫ್ರೇಮಿಗೆ ಕೂರಿಸುತ್ತಿದ್ದರು. ಸಂಖ್ಯೆ ಬೇರೆಯಾಗಿರುವುದೇ ಅದು ದುಡಿದದ್ದಕ್ಕೆ ಸಾಕ್ಷಿ. ಕಾಗದಪತ್ರದ ಹುಚ್ಚು ಇರುವವರಿಗೆ ಬ್ರಿಟನ್ನಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಇದೆ. 1946ರಲ್ಲಿ ಹುಟ್ಟಿದ ಈ ಸಂಘದ ಬಳಿ ಬಿಎಸ್‌ಎ ಕಾರ್ಖಾನೆಯ ಹಳೆಯ ದಾಖಲೆಗಳಿವೆ.

ಇನ್ನು ಬಿಚ್ಚುವ ಕೆಲಸ. ಮೊದಲ ಜಗಳ ಬೋಲ್ಟಿನ ಜೊತೆ. ಮನೆಯಲ್ಲಿರುವ ಮಿಲಿಮೀಟರ್ ಪಾನಾಗಳು ಇಲ್ಲಿ ನಡೆಯುವುದಿಲ್ಲ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಅಳತೆಯ ಪದ್ಧತಿ ಇದು. ಕಾಲಿಂಚಿನ ವಿಟ್‌ವರ್ತ್ ಪಾನಾದ ಬಾಯಿ ಕಾಲಿಂಚು ಇರುವುದಿಲ್ಲ. ಪಾನಾದ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ತಲೆಯ ಅಗಲವನ್ನಲ್ಲ. ಅದರ ಬಾಯಿ 0.525 ಇಂಚು, ಅಂದರೆ 13.3 ಮಿ.ಮೀ. ಹದಿಮೂರರ ಪಾನಾ ಒಳಗೆ ಹೋಗದು. ಹದಿನಾಲ್ಕನ್ನು ಹಾಕಿ ಬಲ ಬಿಟ್ಟರೆ ಮೂಲೆಗಳು ಸವೆದು ತಲೆ ಉರುಟಾಗುತ್ತದೆ. ಇದು ಸಾಲದೆಂದು ಯುದ್ಧಕಾಲದಲ್ಲಿ ಲೋಹ ಉಳಿಸಲು ಬೋಲ್ಟಿನ ತಲೆಯನ್ನೇ ಒಂದು ಹಂತ ಕುಗ್ಗಿಸಿದರು. ಹಳೆಯ ಪಾನಾಗಳ ಒಂದೇ ಬಾಯಿಗೆ ಎರಡೆರಡು ಗುರುತುಗಳಿರುವುದು ಅದಕ್ಕಾಗಿ. ಜೊತೆಗೆ ಇಂಚಿಗೆ 26 ಸುತ್ತಿನ ‘ಸೈಕಲ್ ಥ್ರೆಡ್’ ಬೇರೆ. ಆದ್ದರಿಂದ ಕ್ರೋಮಿಗೆ ಮೀಸಲಿಟ್ಟ ಹಣದಲ್ಲಿ ಒಂದು ಸೆಟ್ ವಿಟ್‌ವರ್ತ್ ಪಾನಾ ಕೊಳ್ಳುವುದು ಜಾಣತನ. ಬೆಂಗಳೂರಿನವರಾದರೆ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಒಂದು ಸುತ್ತು ಹಾಕಬಹುದು.

ಇಂಜಿನ್ನಿನ ಮೇಲ್ಭಾಗ ಮನೆಯಲ್ಲೇ ಮಾಡಬಹುದಾದ ಕೆಲಸ. ಇದು ಸೈಡ್ ವಾಲ್ವ್ ಇಂಜಿನ್. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ನಿಂತಿರುತ್ತವೆ, ಮೇಲಿನ ಹೆಡ್ ಬರೀ ಮುಚ್ಚಳ. ರಾಕರ್ ಇಲ್ಲ, ಪುಶ್‌ರಾಡ್ ಇಲ್ಲ. ಬೋಲ್ಟು ಬಿಚ್ಚಿ ಹೆಡ್ ಎತ್ತಿದರೆ ಕಟ್ಟಿದ ಮಸಿ, ಸುಟ್ಟ ಎಕ್ಸಾಸ್ಟ್ ವಾಲ್ವು, ಗೀರುಬಿದ್ದ ಬೋರು ಎಲ್ಲವೂ ಕಣ್ಣೆದುರಿಗೆ. ಮಸಿ ಕೆರೆಯುವುದು, ವಾಲ್ವ್ ಉಜ್ಜಿ ಕೂರಿಸುವುದು ಒಂದು ಭಾನುವಾರದ ಕೆಲಸ. ಸಿಲಿಂಡರು ಸವೆದಿದ್ದರೆ ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬೇಕು. ಅದೂ ಮುಗಿದಿದ್ದರೆ ಸ್ಲೀವ್. ಕೆಳಗಿನ ಬಿಗ್ ಎಂಡ್ ಬೇರಿಂಗಿಗೆ ಮಾತ್ರ ಕೈಹಾಕಬಾರದು. ಎರಡು ಫ್ಲೈವೀಲ್‌ಗಳನ್ನು ಬಿಡಿಸಿ, ಮತ್ತೆ ಒಂದೇ ರೇಖೆಗೆ ತರಲು ಡಯಲ್ ಗೇಜು ಬೇಕು, ಪಳಗಿದ ಕೈ ಬೇಕು.

ಮನೆಯ ಷೆಡ್ಡಿನಲ್ಲಿ ಎಂ20ರ ಆಟ ಕೆಡುವುದು ಸಾಮಾನ್ಯವಾಗಿ ಇಂಜಿನ್ನಿನಿಂದಲ್ಲ, ಲ್ಯೂಕಾಸ್ ಕಂಪನಿಯ ಮ್ಯಾಗ್‌ಡೈನೊದಿಂದ. ಕೆಳಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ, ಬೆನ್ನ ಮೇಲೆ ದೀಪಕ್ಕೆ ವಿದ್ಯುತ್ ಕೊಡುವ 6 ವೋಲ್ಟಿನ ಡೈನಮೊ, ಎರಡೂ ಒಂದೇ ಜೋಡಿ. ರೋಗಲಕ್ಷಣ ಸ್ಪಷ್ಟ. ಬೆಳಗ್ಗೆ ಎರಡನೇ ಕಿಕ್ಕಿಗೆ ಸ್ಟಾರ್ಟಾಗುತ್ತದೆ, ಹತ್ತು ಕಿಲೋಮೀಟರು ಹೋಗಿ ಬಿಸಿಯಾದ ಮೇಲೆ ಗಕ್ಕನೆ ನಿಲ್ಲುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಕಾರ್ಬ್ಯುರೇಟರಿನ ಮೇಲೆ ಗುಮಾನಿ ಪಟ್ಟು ಜೆಟ್ಟು ಬದಲಿಸುತ್ತ ವಾರಗಳನ್ನು ಕಳೆದವರಿದ್ದಾರೆ. ತಪ್ಪು ಮ್ಯಾಗ್ನೆಟೊದ ಹೊಟ್ಟೆಯೊಳಗೆ. ತಿರುಗುವ ಆರ್ಮೇಚರಿನಲ್ಲಿ ಹುದುಗಿಸಿದ ಹಳೆಯ ಕಂಡೆನ್ಸರು ಎಂಟು ದಶಕಗಳಲ್ಲಿ ಒಳಗೇ ಹಾಳಾಗಿ, ಕಾವೇರಿದಾಗ ಸೋರತೊಡಗುತ್ತದೆ. ಸುರುಳಿಗೆ ಬಳಿದ ಅರಗು ಕೂಡ ಶಾಖಕ್ಕೆ ಮೆತ್ತಗಾಗಿ ಹೊರಗೆ ಸಿಡಿದು, ಆರ್ಮೇಚರು ಸಿಕ್ಕಿಹಾಕಿಕೊಳ್ಳುವುದುಂಟು. ಹೊಸ ಸುರುಳಿ, ಹೊಸ ಕಂಡೆನ್ಸರು, ಅಯಸ್ಕಾಂತಕ್ಕೆ ಮತ್ತೆ ಕಾಂತಶಕ್ತಿ ತುಂಬಿಸುವುದು, ಪಾಯಿಂಟಿನ ಸಂದು 0.012 ಇಂಚು. ಇಷ್ಟಾದರೆ ಅದು ಇನ್ನೊಂದು ತಲೆಮಾರಿಗೆ ಓಡುತ್ತದೆ.

ಭಾರತದಲ್ಲಿ ಇದಕ್ಕೊಂದು ಅಡ್ಡದಾರಿ ಹುಟ್ಟಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಶುರುವಾದ ಮೇಲೆ ಅದರ ಬಿಡಿಭಾಗಗಳು ಎಲ್ಲೆಡೆ ಸಿಕ್ಕವು. ಬ್ರಿಟನ್ನಿನಿಂದ ಬಿಎಸ್‌ಎ ಬಿಡಿಭಾಗ ಬರುವ ದಾರಿ ಬಂದಾದಾಗ ನಮ್ಮ ಮೆಕ್ಯಾನಿಕ್ಕುಗಳು ಹಳೆಯ ಬಿಎಸ್‌ಎಗಳಿಗೆ ಬುಲೆಟ್ಟಿನ ಮಿಕಾರ್ಬ್ ಕಾರ್ಬ್ಯುರೇಟರು, ಕಾಯಿಲ್, ಬ್ಯಾಟರಿ ಕೂರಿಸಿ ಓಡಿಸಿದರು. ಶುದ್ಧಿವಾದಿಗಳಿಗೆ ಇದು ಮೈಲಿಗೆ. ಆದರೆ ಗುಜರಿಗೆ ಹೋಗಬೇಕಿದ್ದ ಎಷ್ಟೋ ಗಾಡಿಗಳು ರಸ್ತೆಯಲ್ಲಿ ಉಳಿದದ್ದು ಇಂಥ ಕೈಚಳಕದಿಂದಲೇ ಎಂಬುದನ್ನೂ ಹೇಳಬೇಕು. ತೆಗೆದ ಮ್ಯಾಗ್‌ಡೈನೊವನ್ನು ಆ ಮೆಕ್ಯಾನಿಕ್ಕು ಮೂಲೆಯಲ್ಲಿ ಇಟ್ಟುಕೊಂಡಿದ್ದರೆ ಇಂದಿನ ಮಾಲೀಕನ ಅದೃಷ್ಟ.

ಹಾಗೆ ನೋಡಿದರೆ ಕಣ್ಣಿಗೆ ಕಾಣದ ಬದಲಾವಣೆಗಳಿಗೆ ಒಪ್ಪಿಗೆ ಕೊಡಬಹುದು. ಹಳೆಯ ರೆಗ್ಯುಲೇಟರ್ ಡಬ್ಬಿಯೊಳಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರು ಅಡಗಿಸಿಟ್ಟರೆ ಯಾರಿಗೂ ನಷ್ಟವಿಲ್ಲ. ಪೆಟ್ರೋಲಿನ ವಿಷಯದಲ್ಲಂತೂ ಬದಲಾವಣೆ ಅನಿವಾರ್ಯ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇದೆ, ನಮ್ಮಲ್ಲಿ ಶೇ 20. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಊದಿಸುತ್ತದೆ, ಸೋರುವ ಟ್ಯಾಂಕಿನ ಒಳಗೆ ಹಿಂದೆ ಯಾರೋ ಬಳಿದ ಸೀಲರನ್ನು ಕರಗಿಸಿ ಜೆಟ್ಟಿಗೆ ಗಸಿಯಾಗಿ ತಂದು ಕೂರಿಸುತ್ತದೆ. ಪೈಪು, ವಾಷರು ಹೊಸತಾಗಲಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು ಬರಿದಾಗಲಿ.

ಮುಂದಿನ ಗರ್ಡರ್ ಫೋರ್ಕಿನಲ್ಲಿ ಪಿನ್ನು, ಬುಷ್ಷು ಸವೆದಿರುತ್ತವೆ. ಅವನ್ನು ಮಾಡಿಸಿದರೆ ಅರ್ಧ ನಡುಕ ಹೋಯಿತು. ಹಿಂದೆ ಸಸ್ಪೆನ್ಷನ್ ಎಂಬುದೇ ಇಲ್ಲ. ಸೀಟಿನ ಸ್ಪ್ರಿಂಗು, ಟೈರಿನ ಗಾಳಿ, ಸವಾರನ ಸೊಂಟ ಇವೇ ಎಲ್ಲ.

ನಮ್ಮ ಕಾನೂನು ಕೂಡ ಮೂಲರೂಪದ ಪರವಾಗಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನ ‘ವಿಎ’ ಸರಣಿಯ ಸಂಖ್ಯೆ ಪಡೆಯಬಹುದು. ಚಾಸಿ, ಇಂಜಿನ್ ತುಂಬ ಬದಲಾಗಿರಬಾರದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾಗದ ಗಾಡಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ.

ಕೊನೆಗೆ ಕಿಕ್ಕು. ಪೆಟ್ರೋಲ್ ಟ್ಯಾಪು ತೆರೆದು, ಅಮಲ್ ಕಾರ್ಬ್ಯುರೇಟರಿನ ಫ್ಲೋಟ್ ಡಬ್ಬಿಯ ಮೇಲಿನ ಗುಂಡಿಯನ್ನು ಪೆಟ್ರೋಲು ಒಸರುವವರೆಗೆ ಒತ್ತಬೇಕು. ಹ್ಯಾಂಡಲಿನ ಲಿವರಿನಿಂದ ಕಿಡಿಯ ಸಮಯವನ್ನು ಸ್ವಲ್ಪ ಹಿಂದಕ್ಕೆಳೆಯಬೇಕು, ಇಲ್ಲದಿದ್ದರೆ ಪೆಡಲು ತಿರುಗಿ ಕಾಲಿಗೆ ಒದೆಯುತ್ತದೆ. ಕಂಪ್ರೆಷನ್ ಬಿಗಿಯಾಗುವ ತಾಣ ಹುಡುಕಿ, ವಾಲ್ವ್ ಲಿಫ್ಟರ್ ಹಿಡಿದು ಅದನ್ನು ತುಸು ದಾಟಿಸಿ, ಲಿವರು ಬಿಟ್ಟು, ಪೂರ್ತಿ ಭಾರ ಹಾಕಿ ತುಳಿಯಬೇಕು. ಕಂಪ್ರೆಷನ್ ಅನುಪಾತ ಐದಕ್ಕೂ ಕಡಿಮೆ, ತೆಳ್ಳಗಿನವರಿಗೂ ಸಾಧ್ಯ. ಇಂಜಿನ್ ಬಡಿದುಕೊಳ್ಳತೊಡಗಿದ ಕೂಡಲೇ ಸಂಭ್ರಮಿಸುವ ಮೊದಲು ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು, ಎಣ್ಣೆ ಕೊಳವೆಯಿಂದ ಹಿಂದಿರುಗಿ ಬೀಳುತ್ತಿದೆಯೇ ಎಂದು ನೋಡಬೇಕು. ಬೀಳದಿದ್ದರೆ ತಕ್ಷಣ ಇಂಜಿನ್ ನಿಲ್ಲಿಸಿ ಪಂಪು ಬಿಚ್ಚಬೇಕು. ಬೀಳುತ್ತಿದ್ದರೆ ಊರಿನ ಸುತ್ತ ನಿಧಾನಕ್ಕೆ ಒಂದಷ್ಟು ಓಡಿಸಿ ಬಂದು, ಇಂಜಿನ್ ಪೂರ್ತಿ ತಣಿದ ಮೇಲೆ ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಕುಗ್ಗಿರುತ್ತದೆ.