‘ಫಸ್ಟ್ ಲೈಟ್’: ಹದಿನೆಂಟರ ಹುಡುಗನ ಯುದ್ಧ

ವಿಮಾನದ ಹುಚ್ಚು ಹತ್ತಿದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಕೊರತೆಯಿಲ್ಲ. ತಲೆಯ ಮೇಲೆ ಸದ್ದು ಕೇಳಿದೊಡನೆ ಊಟದ ತಟ್ಟೆ ಬಿಟ್ಟು ಬಾಲ್ಕನಿಗೆ ಓಡುವವರು, ಊರಿನ ಪ್ರಯಾಣವನ್ನು ಯಲಹಂಕದ ವಿಮಾನ ಪ್ರದರ್ಶನಕ್ಕೆ ಹೊಂದಿಸಿರೆಂದು ಅಪ್ಪನನ್ನು ಪೀಡಿಸುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಅಂಥವರಲ್ಲಿ ತಲೆ ನರೆತವರೂ ಇದ್ದಾರೆನ್ನುವುದನ್ನು ಇಲ್ಲಿ ಬಿಚ್ಚಿ ಹೇಳಬೇಕಾಗಿಲ್ಲ! ಇವರೆಲ್ಲರಿಗೂ ನಾವು ಹಿಂದೆಮುಂದೆ ನೋಡದೆ ಸೂಚಿಸುವ ಪುಸ್ತಕ, ಜೆಫ್ರಿ ವೆಲ್ಲಮ್ ಅವರ ‘ಫಸ್ಟ್ ಲೈಟ್’. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಹಾರಿಸಿದ ಆಂಗ್ಲ ವೈಮಾನಿಕನೊಬ್ಬನ ಆತ್ಮಕಥನವಿದು. ಇಂಗ್ಲಿಷಿನಲ್ಲಿದ್ದರೂ ಭಾಷೆ ತಿಳಿಯಾಗಿದೆ.

ಯುದ್ಧದ ಆತ್ಮಕಥನಗಳೆಂದರೆ ನಮಗೆ ಕೊಂಚ ಅನುಮಾನವೇ. ಎಷ್ಟು ವಿಮಾನ ಉರುಳಿಸಿದೆ, ಎಷ್ಟು ಪದಕ ಪಡೆದೆ ಎಂಬ ಲೆಕ್ಕಪತ್ರದಂತಿರುವ ಪುಸ್ತಕಗಳು ಬೇಕಾದಷ್ಟಿವೆ. ವೆಲ್ಲಮ್ ಆ ಜಾತಿಯವರಲ್ಲ. 1921ರಲ್ಲಿ ಹುಟ್ಟಿದ ಈತ, ಶಾಲೆ ಮುಗಿಸಿದ ಬೆನ್ನಿಗೇ 1939ರಲ್ಲಿ ಬ್ರಿಟಿಷ್ ವಾಯುಪಡೆಗೆ ಸೇರಿದರು. 1940ರ ಮೇ ತಿಂಗಳಲ್ಲಿ 92ನೆಯ ಸ್ಕ್ವಾಡ್ರನ್ನಿಗೆ ಬಂದಾಗ ವಯಸ್ಸು ಹದಿನೆಂಟು. ಅಲ್ಲಿ ಬಿದ್ದ ಅಡ್ಡಹೆಸರು ‘ಬಾಯ್’, ಅಂದರೆ ಹುಡುಗ. ಅಲ್ಲಿಯವರೆಗೆ ಸ್ಪಿಟ್‌ಫೈರನ್ನು ಒಮ್ಮೆಯೂ ಹಾರಿಸಿರಲಿಲ್ಲ. ಸೇರಿದ ಕೆಲವೇ ದಿನಗಳಲ್ಲಿ ಸ್ಕ್ವಾಡ್ರನ್ ಫ್ರಾನ್ಸಿನ ಕರಾವಳಿಯ ಮೇಲೆ ಮೊದಲ ಕಾಳಗಕ್ಕೆ ಹೋಗುತ್ತದೆ. ಹುಡುಗ ನೆಲದಲ್ಲೇ ಉಳಿಯುತ್ತಾನೆ. ಹೋದವರಲ್ಲಿ ಕೆಲವರು ಮರಳುವುದಿಲ್ಲ. ನಾಯಕ ರೋಜರ್ ಬುಶೆಲ್ ಶತ್ರುವಿನ ಕೈಸೆರೆಯಾಗುತ್ತಾರೆ. 1944ರಲ್ಲಿ ಸೆರೆಶಿಬಿರದಿಂದ ಸುರಂಗ ತೋಡಿ ಪಾರಾಗುವ ಪ್ರಸಿದ್ಧ ಸಾಹಸದ ಮುಂದಾಳಾಗಿ, ಸಿಕ್ಕಿಬಿದ್ದು, ಗುಂಡಿಗೆ ಬಲಿಯಾದ ಬುಶೆಲ್ ಇವರೇ.

ಪುಸ್ತಕದ ಮೊದಲ ಭಾಗ ತರಬೇತಿಯ ಕಥೆ. ‘ಕಾಳಗ ಯಾವಾಗ ಬರುತ್ತದೆ?’ ಎಂದು ಪುಟ ಹಾರಿಸುವವರು ಇಲ್ಲಿ ದೊಡ್ಡ ನಷ್ಟ ಮಾಡಿಕೊಳ್ಳುತ್ತಾರೆ. ಟೈಗರ್ ಮಾತ್ ಎಂಬ ಎರಡು ರೆಕ್ಕೆಯಟ್ಟಣೆಯ ಪುಟ್ಟ ವಿಮಾನದಲ್ಲಿ ಶಿಕ್ಷಕನಿಲ್ಲದೆ ಒಬ್ಬನೇ ಮೇಲೇರುವ ಸಂಭ್ರಮ, ಪರೀಕ್ಷೆಗಳ ಕಾಟ, ಮೇಲಧಿಕಾರಿಗಳ ಬೈಗುಳ, ನಿನ್ನೆ ಜೊತೆಗಿದ್ದವನು ಇಂದು ಅಪಘಾತದಲ್ಲಿ ಇಲ್ಲವಾಗುವುದು, ಇವೆಲ್ಲ ಇಲ್ಲಿವೆ. ಹಾಸ್ಟೆಲ್ಲಿನಿಂದ ಮಕ್ಕಳ ಪತ್ರಕ್ಕೆ ಕಾದು ಕುಳಿತ ತಾಯ್ತಂದೆಯರಿಗೆ ಈ ಭಾಗ ಬೇರೆಯದೇ ರೀತಿಯಲ್ಲಿ ತಟ್ಟೀತು.

ಸ್ಪಿಟ್‌ಫೈರ್ ಬಂದ ಮೇಲೆ ವಿಮಾನಪ್ರಿಯರಿಗೆ ಹಬ್ಬ. ನೆಲದ ಮೇಲಿದ್ದಾಗ ಉದ್ದ ಮೂತಿ ಮುಂದಿನ ನೋಟವನ್ನೇ ಮರೆಮಾಡುವುದರಿಂದ ಅದನ್ನು ಹಾವಿನಂತೆ ಅತ್ತಿತ್ತ ಹೊರಳಿಸುತ್ತ ಸಾಗಿಸಬೇಕು. ಮೊದಮೊದಲಿನ ಮಾದರಿಗಳಲ್ಲಿ ಚಕ್ರಗಳನ್ನು ಮೇಲೆಳೆದುಕೊಳ್ಳಲು ಬಲಗೈಯಿಂದ ಪಂಪು ಒತ್ತಬೇಕು; ಆಗ ಚಾಲನದಂಡ ಎಡಗೈಗೆ. ಹೊಸಬನ ಬಲಗೈ ಪಂಪು ಒತ್ತಿದಂತೆಲ್ಲ ಎಡಗೈಯೂ ಅಲುಗಿ, ವಿಮಾನ ಅಲೆಯ ಮೇಲಿನ ದೋಣಿಯಂತೆ ಏಳುಬೀಳುತ್ತಿತ್ತು. ರೆಕ್ಕೆಗಳಲ್ಲಿ ಎಂಟು ಮೆಷಿನ್‌ಗನ್ನುಗಳಿದ್ದರೂ ಒಟ್ಟು ಮದ್ದುಗುಂಡು ಸುಮಾರು 15 ಸೆಕೆಂಡಿಗೆ ಮಾತ್ರ. ಜರ್ಮನರ ಮೆಸರ್‌ಸ್ಮಿಟ್ 109 ಮೂತಿ ಕೆಳಗೆ ಮಾಡಿ ಥಟ್ಟನೆ ಧುಮುಕಿದರೆ, ಹಾಗೆಯೇ ಬೆನ್ನಟ್ಟುವ ಸ್ಪಿಟ್‌ಫೈರಿನ ಎಂಜಿನು ಇಂಧನ ಸಿಗದೆ ಕ್ಷಣಕಾಲ ಉಸಿರು ಕಟ್ಟುತ್ತಿತ್ತು. ಬಿಗಿಯಾಗಿ ತಿರುಗುವುದರಲ್ಲಿ ಮಾತ್ರ ಸ್ಪಿಟ್‌ಫೈರಿನದೇ ಮೇಲುಗೈ. ಇಂಥ ಸಂಗತಿಗಳನ್ನು ಬೇರೆ ಗ್ರಂಥಗಳಲ್ಲೂ ಓದಬಹುದು. ಆದರೆ ಅದರೊಳಗೆ ಕೂತ ಮೈಗೆ ಏನಾಗುತ್ತದೆಂದು ತಿಳಿಯಬೇಕಾದರೆ ವೆಲ್ಲಮ್ ಅವರನ್ನೇ ಓದಬೇಕು. ಕಥೆಯನ್ನು ಅವರು ವರ್ತಮಾನಕಾಲದಲ್ಲೇ ಹೇಳುತ್ತಾರೆ. ಮುಂದಿನ ಕ್ಷಣ ಏನೆಂದು ಹುಡುಗನಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹಾಳು ಹವೆಯಲ್ಲಿ ಒಬ್ಬಂಟಿಯಾಗಿ ಸಮುದ್ರದ ಮೇಲೆ ಹೋಗಿ, ಮೋಡ ಮಳೆಗಳ ನಡುವೆ ದಾರಿ ಕಾಣದೆ ಮನೆಗೆ ಮರಳಲು ಹೆಣಗುವ ಪುಟಗಳು ನಮ್ಮ ಮಟ್ಟಿಗೆ ಎಲ್ಲ ಕಾಳಗಗಳಿಗಿಂತ ಮೇಲು. ಅಲ್ಲಿ ಶತ್ರುವೆಂದರೆ ಮೋಡವೇ.

ಆದರೂ ಈ ಪುಸ್ತಕದ ಜೀವಾಳ ಇರುವುದು ಆಕಾಶದಲ್ಲಲ್ಲ, ನೆಲದ ಮೇಲೆ. 1940ರ ಸೆಪ್ಟೆಂಬರಿನಲ್ಲಿ ಸ್ಕ್ವಾಡ್ರನ್ ಲಂಡನ್ನಿನ ದಕ್ಷಿಣಕ್ಕಿರುವ ಬಿಗ್ಗಿನ್ ಹಿಲ್ಲಿಗೆ ಬರುತ್ತದೆ. ಬೆಳಕು ಹರಿಯುವ ಮುನ್ನವೇ ಎದ್ದು, ಓಡುದಾರಿಯ ಪಕ್ಕದ ಗುಡಿಸಲಿನಲ್ಲಿ ಟೆಲಿಫೋನಿನ ಗಂಟೆಗೆ ಕಾಯುವುದು ದಿನಚರಿ. ಆ ಗಂಟೆ ಒಮ್ಮೊಮ್ಮೆ ಬರೀ ಚಹಾದ ಸುದ್ದಿಗೆ ಬಾರಿಸಿದರೂ ಕರುಳು ಹಿಂಡುತ್ತದೆ. ಹೊಸಬರ ಹೆಸರು ಕಲಿಯುವಷ್ಟರಲ್ಲಿ ಅವರು ಇರುವುದಿಲ್ಲ. ಬರುಬರುತ್ತ ಹುಡುಗ ಹಳಬನಾಗುತ್ತಾನೆ. ಧೈರ್ಯ ಬೆಳೆಯುವ ಬದಲು ಸವೆಯುತ್ತದೆ. ಪದಕ ಬಂದುದನ್ನು ಎರಡು ಮಾತಿನಲ್ಲಿ ಮುಗಿಸುವ ಲೇಖಕರು ಆಯಾಸಕ್ಕೆ ಪುಟಗಟ್ಟಲೆ ಕೊಡುತ್ತಾರೆ. ಈ ಅನುಪಾತವೇ ನಮಗೆ ಹಿಡಿಸಿತು. 1942ರ ಆಗಸ್ಟಿನಲ್ಲಿ ಫ್ಯೂರಿಯಸ್ ಎಂಬ ಯುದ್ಧನೌಕೆಯ ಮೇಲಿಂದ ಹಾರಿ, 500 ಮೈಲಿಗೂ ಮಿಕ್ಕ ಕಡಲು ದಾಟಿ, ಮುತ್ತಿಗೆಯಲ್ಲಿದ್ದ ಮಾಲ್ಟಾ ದ್ವೀಪಕ್ಕೆ ತಮ್ಮ ಗುಂಪನ್ನು ಮುಟ್ಟಿಸುತ್ತಾರೆ. ಅಲ್ಲಿಗೆ ಮೈಮನಸ್ಸು ಎರಡೂ ಕೈಕೊಡುತ್ತವೆ. ಆಗಿನ್ನೂ ಇಪ್ಪತ್ತೊಂದು ವಯಸ್ಸು. ಬದುಕಿನ ಶಿಖರವನ್ನು ಏರಿ ಇಳಿದೂ ಆಯಿತೆಂಬ ಭಾವ.

ಮುಂದೆ ಸಂಸಾರ, ವ್ಯಾಪಾರ ಎರಡೂ ಕುಸಿದ ಕಾಲದಲ್ಲಿ ಒಂಟಿಯಾಗಿ ಕುಳಿತು ಅವರು ಇದನ್ನು ಬರೆದರು. ಅಚ್ಚು ಹಾಕಿಸುವ ಆಸೆಯಿಂದಲ್ಲ. ಒಂದು ಕಾಲದಲ್ಲಿ ತಾನೂ ಯಾವುದಕ್ಕಾದರೂ ಉಪಯೋಗಕ್ಕೆ ಬಂದವನೇ ಎಂದು ತನಗೆ ತಾನೇ ಹೇಳಿಕೊಳ್ಳಲು. ಹಸ್ತಪ್ರತಿ ವರ್ಷಗಟ್ಟಲೆ ಮೂಲೆಯಲ್ಲಿತ್ತು. 2002ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅದು ಪುಸ್ತಕವಾಯಿತು. 2018ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹೀಗೆ ಬದುಕುಳಿದವರು ಬರೆಯುತ್ತಾರೆ. ಬರೆಯಲು ಉಳಿಯದವರ ಗತಿ? ಇದನ್ನೋದುವಾಗ ನಮ್ಮ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ನೆನಪು ಪದೇ ಪದೇ ಬಂತು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದ ಅವರು, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಕೆಡವಿ, ತಾವೂ ಮರಳಲಿಲ್ಲ. ಆ ಪರಾಕ್ರಮ ಬೆಳಕಿಗೆ ಬಂದದ್ದು ಎದುರು ಪಾಳೆಯದ ಕಡೆಯಿಂದ, 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಬರೆದ ಗ್ರಂಥದ ಮೂಲಕ. ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ. ಆ ಕೆಲವು ನಿಮಿಷಗಳು ಕಾಕ್‌ಪಿಟ್ಟಿನ ಒಳಗಿಂದ ಹೇಗಿದ್ದವೆಂದು ಹೇಳುವವರು ಯಾರೂ ಇಲ್ಲ.

‘ಫಸ್ಟ್ ಲೈಟ್’ನಲ್ಲಿ ದೋಷಗಳಿಲ್ಲವೆಂದಲ್ಲ. ದಶಕಗಳ ನಂತರ ನೆನಪಿನಿಂದ ಹೆಣೆದ ಸಂಭಾಷಣೆಗಳು ಅಲ್ಲಲ್ಲಿ ನಾಟಕದ ಮಾತಿನಂತಿವೆ. ಹಗಲಿರುಳು ವಿಮಾನ ರಿಪೇರಿ ಮಾಡುವ ನೆಲದ ಸಿಬ್ಬಂದಿಗೆ ಇನ್ನಷ್ಟು ಜಾಗ ಸಲ್ಲಬೇಕಿತ್ತು. ತಾರೀಖುಗಳ ವಿಷಯದಲ್ಲಿ ಲೇಖಕರದು ಕೈ ಬಿಗಿ; ಯುದ್ಧದ ಒಟ್ಟು ಚಿತ್ರ ಬೇಕೆನ್ನುವವರು ಜೊತೆಗೊಂದು ಇತಿಹಾಸ ಗ್ರಂಥ ಇಟ್ಟುಕೊಳ್ಳಬೇಕು. ಹೈಸ್ಕೂಲು ದಾಟಿದ ಮಕ್ಕಳಿಗೆ ಧಾರಾಳವಾಗಿ ಕೊಡಿ. ವಾಯುಪಡೆಗೆ ಸೇರುತ್ತೇನೆಂದು ಹಟ ಹಿಡಿದ ಮಗ ಅಥವಾ ಮಗಳು ಮನೆಯಲ್ಲಿದ್ದರೆ, ಅವರು ಓದಿ ಮುಗಿಸಿದ ಮೇಲೆ ನೀವೂ ಓದಿ. ಮಾತಾಡಲು ಬೇಕಾದಷ್ಟು ಸಿಕ್ಕುತ್ತದೆ.