ಕಲ್ಯಾಣದ ನಂತರದ ಸಾಲುಗಳು: ಮಂಟೇಸ್ವಾಮಿ ಕಾವ್ಯದ ಓದಿಗೊಂದು ಕ್ರಮ

ಭೇರ್ಯವನ್ನೊಳಗೊಂಡ ಕೃಷ್ಣರಾಜನಗರ ಸೀಮೆಯಲ್ಲಿ, ಕಾವೇರಿಯ ದಡದ ಕಪ್ಪಡಿಯಲ್ಲಿ, ರಾಚಪ್ಪಾಜಿಯ ಗದ್ದುಗೆಯಿದೆ. ಶಿವರಾತ್ರಿಯ ಕಾಲದ ಜಾತ್ರೆಗೆ ಬರುವ ಒಕ್ಕಲಿಗೆ ರಾಚಪ್ಪಾಜಿ ಚೆನ್ನಾಜಮ್ಮರು ಕಾವ್ಯದ ಪಾತ್ರಗಳಲ್ಲ. ಹರಕೆ ಕೇಳಿಸಿಕೊಳ್ಳುವ ಹಿರಿಯರು. ಆದರೆ ಮಂಟೇಸ್ವಾಮಿ ಕಾವ್ಯವನ್ನು ಕುರಿತ ವಿಮರ್ಶೆಯಲ್ಲಿ ಕಪ್ಪಡಿಗೆ ದೊರೆತಿರುವ ಸ್ಥಾನ ಅತ್ಯಲ್ಪ. ಅಲ್ಲಿನ ಚರ್ಚೆ ಬಹುಪಾಲು ಕಲ್ಯಾಣದಲ್ಲಿಯೇ ನಿಂತುಬಿಡುತ್ತದೆ.

ಇದಕ್ಕೆ ಕಾರಣ ಸ್ಪಷ್ಟ. ‘ಧರೆಗೆ ದೊಡ್ಡವರು’ ಎನಿಸಿದ ಮಂಟೇಸ್ವಾಮಿ ಕೊಳೆತ ಮೈಯ ತಿರುಕನಾಗಿ ಕಲ್ಯಾಣಕ್ಕೆ ಬಂದು ತಿಪ್ಪೆಯ ಮೇಲೆ ಕೂತು ಶರಣರನ್ನು ಪರೀಕ್ಷಿಸುವ ಪ್ರಸಂಗ, ಹನ್ನೆರಡನೆಯ ಶತಮಾನದ ಲಿಖಿತ ಚರಿತ್ರೆಯೊಡನೆ ನೇರವಾಗಿ ವಾದಕ್ಕಿಳಿಯುತ್ತದೆ. ವಚನಗಳನ್ನು ಓದಿದವರಿಗೆ ಅದು ತಟ್ಟನೆ ಅರ್ಥವಾಗುತ್ತದೆ. ಅರ್ಥವಾಗುವುದೇ ಇಲ್ಲಿ ತೊಡಕು. ಕಲ್ಯಾಣದ ಸಾಲನ್ನಷ್ಟೇ ಓದಿದಾಗ ಇಡೀ ಕಾವ್ಯ ವಚನ ಚಳವಳಿಗೆ ಬರೆದ ಟಿಪ್ಪಣಿಯಂತೆ ತೋರುತ್ತದೆ. ಅದು ಕಾವ್ಯಕ್ಕೂ ಅದನ್ನು ತಲೆಮಾರುಗಳಿಂದ ಹೊತ್ತು ತಂದ ನೀಲಗಾರರಿಗೂ ಆಗುವ ಅನ್ಯಾಯ.

ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಹಾಡುವ ನೀಲಗಾರರು ಈ ಕಥಾಲೋಕದ ಸಹಕರ್ತೃಗಳು. ಲೋಕ ಎಲ್ಲರದು, ವಿವರ ಅವರವರದು. ಒಬ್ಬ ನೀಲಗಾರ ಎರಡು ಮಾತಿನಲ್ಲಿ ದಾಟಿಸಿದ್ದನ್ನು ಇನ್ನೊಬ್ಬ ಇರುಳೆಲ್ಲ ಬೆಳೆಸಬಲ್ಲ. ಅವರ ಶಕ್ತಿ ಪೂರ್ಣವಾಗಿ ಹರಿದಿರುವುದು ಮಂಟೇಸ್ವಾಮಿ ಕಲ್ಯಾಣವನ್ನು ಬಿಟ್ಟು ದಕ್ಷಿಣಕ್ಕೆ ಇಳಿದ ಮೇಲಿನ ಸಾಲುಗಳಲ್ಲಿ, ಅಂದರೆ ಈ ಲೋಕದ ಉತ್ತರಕಾಲದಲ್ಲಿ.

ಹೊಸ ಓದುಗನಿಗೆ ಮೊದಲು ಸೂಚಿಸಬೇಕಾದದ್ದು ಸಿದ್ಧಪ್ಪಾಜಿಯ ಸಾಲು. ನಿಡುಘಟ್ಟದ ಆಚಾರಿ ಮನೆಯ ಕಿರಿಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನನ್ನಾಗಿ ಬೇಡುತ್ತಾನೆ. ಹೆತ್ತವರು ಕೊಡಲೊಪ್ಪುವುದಿಲ್ಲ; ಮನೆ ಕಷ್ಟಕ್ಕೆ ಸಿಲುಕುತ್ತದೆ. ಭಕ್ತನಿಗೆ ಇದು ಗುರುವಿನ ಲೀಲೆ. ಆದರೆ ತಾಯಿ ಮುದ್ದಮ್ಮನ ಸಂಕಟವನ್ನು ಗಾಯಕರು ಹಿಗ್ಗಿಸಿ ಹಾಡುವ ಬಗೆಯನ್ನು ಗಮನಿಸಿದರೆ, ಕಾವ್ಯ ಗುರುವಿನ ಹಟವನ್ನು ಪ್ರಶ್ನೆಯಿಲ್ಲದೆ ಒಪ್ಪಿದೆಯೆಂದು ಹೇಳಲಾಗದು. ಮಗನನ್ನು ಕಳೆದುಕೊಳ್ಳುವ ಮನೆಯ ಕಡೆಗೂ ಅದರ ಕಿವಿ ತೆರೆದಿದೆ. ಕಲ್ಯಾಣದ ಸಾಲಿನಲ್ಲಿ ಸರಿ ಯಾರದು ತಪ್ಪು ಯಾರದು ಎಂಬುದು ಬೇಗ ತೀರ್ಮಾನವಾಗುತ್ತದೆ. ಇಲ್ಲಿ ಅಷ್ಟು ಸುಲಭವಿಲ್ಲ.

ಇದನ್ನು ಅನುಸರಿಸಿ ಹಲಗೂರು ಪಾಂಚಾಳರ ಸಾಲನ್ನು ಓದಬೇಕು. ಮಠ ಕಟ್ಟಲು ಕಬ್ಬಿಣ ಬೇಕು. ಅದನ್ನು ಭಿಕ್ಷೆಯಾಗಿ ತರಲು ಹೊರಟವನು ಸಿದ್ಧಪ್ಪಾಜಿ. ಕಮ್ಮಾರರ ಮಗನೇ ಕಮ್ಮಾರರ ಬಾಗಿಲಲ್ಲಿ ಕಬ್ಬಿಣ ಬೇಡುವ ಈ ಸನ್ನಿವೇಶಕ್ಕೆ ಕನ್ನಡ ಕಥನಪರಂಪರೆಯಲ್ಲಿ ಸಾಟಿ ವಿರಳ. ಪಾಂಚಾಳರು ಇಲ್ಲವೆನ್ನುತ್ತಾರೆ, ವಿಷವಿಕ್ಕುತ್ತಾರೆ, ಕೊನೆಗೆ ಸೋಲುತ್ತಾರೆ. ಕಥೆ ಹೇಳುವವರು ಗೆದ್ದ ಪಕ್ಷದವರು ಎಂಬುದನ್ನು ಮರೆಯಬಾರದು. ಕುಲಕಸುಬಿನ ಸರಕನ್ನು ಬಿಟ್ಟುಕೊಡಲೊಲ್ಲದ ಕಸುಬುದಾರರ ನೆಲೆಯಿಂದಲೂ ಈ ಸಾಲನ್ನು ಓದುವುದು ಸಾಧ್ಯ. ಆ ಕೆಲಸ ಇನ್ನೂ ಸಾಕಷ್ಟು ನಡೆದಿಲ್ಲ.

ರಾಚಪ್ಪಾಜಿಯ ಪ್ರಸಂಗಗಳಿಗೆ ಸಿದ್ಧಪ್ಪಾಜಿ ಸಾಲಿನ ನಾಟಕೀಯತೆಯಿಲ್ಲ. ಚಿಕ್ಕಲ್ಲೂರು, ಬೊಪ್ಪೇಗೌಡನಪುರ, ಕಪ್ಪಡಿಗಳು ಒಂದೇ ಪರಂಪರೆಯ ಗದ್ದುಗೆಗಳಾದ ಬಗೆಯನ್ನು ತಿಳಿಯಲು ಮಾತ್ರ ಅವು ಅನಿವಾರ್ಯ. ಕಲ್ಯಾಣದ ಸಾಲನ್ನು ಇವೆಲ್ಲವುಗಳ ತರುವಾಯ ಓದುವುದೇ ಲೇಸು. ಆಗ ಅದು ಶರಣರ ವಿಮರ್ಶೆಯಾಗಿ ಮಾತ್ರವಲ್ಲದೆ, ಮುಂದೆ ಶಿಷ್ಯರಿಂದ ಎಲ್ಲವನ್ನೂ ಕೇಳಲಿರುವ ಗುರುವಿನ ಮೊದಲ ಪರೀಕ್ಷೆಯಾಗಿಯೂ ಕಾಣುತ್ತದೆ.

ಪಠ್ಯಗಳಲ್ಲಿ ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಹೊರತಂದ ಆವೃತ್ತಿ ಗ್ರಂಥಾಲಯಗಳಲ್ಲಿ ಇರಲೇಬೇಕು. ಆದರೆ ಒಂದೇ ಮುದ್ರಿತ ಪಾಠವನ್ನು ಕಾವ್ಯವೆಂದು ಭಾವಿಸುವ ಅಭ್ಯಾಸ ಇಲ್ಲಿ ಸಲ್ಲದು. ಬೇರೆ ಬೇರೆ ನೀಲಗಾರರ ಧ್ವನಿಮುದ್ರಿಕೆಗಳೂ ಅದೇ ಕಪಾಟಿಗೆ ಸೇರಬೇಕು. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಈ ಲೋಕವನ್ನು ರಂಗಕ್ಕೆ ತಂದಿತು. ಕಾದಂಬರಿಯನ್ನೇ ಬಯಸುವವರು ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಹೋಗಬೇಕು. ಅದು ಮಂಟೇಸ್ವಾಮಿಯ ಕಥೆಯಲ್ಲ. ಆದರೂ ಗದ್ಯದೊಳಗೆ ಹಾಡಿನ ಲಯ ನುಗ್ಗುವ ರೀತಿ, ದೀಪಗಳೇ ಜೋತಮ್ಮರಾಗಿ ಕೂತು ಮನೆಮನೆಯ ಸುದ್ದಿ ಆಡುವ ರೀತಿ, ಇದೇ ಸೀಮೆಯ ಕಥನದ ನೆರಳಿನಲ್ಲಿ ಬೆಳೆದದ್ದು. ಸಿದ್ಧಪ್ಪಾಜಿಯ ಸಾಲನ್ನು ಕಿವಿಯಾರೆ ಕೇಳಿ ಬಂದವರಿಗೆ, ದುರ್ಗಮವೆಂದು ಹೆಸರಾದ ಅದರ ಭಾಷೆ ಅಷ್ಟೇನೂ ದುರ್ಗಮವಾಗಿ ಉಳಿಯುವುದಿಲ್ಲ.